ಕಂಡೂ ಸುಮ್ಮನಿದ್ದವರು

ಮಡಿಲಲ್ಲಿ ಕುರ್‌ಆನ್ ಇಟ್ಟುಕೊಂಡು ಇಬ್ನ್ ಅಬ್ಬಾಸ್ ಅಳುತ್ತಿದ್ದರು. ಪ್ರವಾದಿ ಮುಹಮ್ಮದ್ (ಸ) ಅವರ ಚಿಕ್ಕಪ್ಪನ ಮಗ ಅವರು, ಕುರ್‌ಆನ್ ವ್ಯಾಖ್ಯಾನದಲ್ಲಿ ಆ ಕಾಲದ ದೊಡ್ಡ ಹೆಸರು. ಶಿಷ್ಯ ಇಕ್ರಿಮಾ ಹತ್ತಿರ ಬಂದು ಕಾರಣ ಕೇಳಿದಾಗ ಅವರು ತೋರಿಸಿದ್ದು ಅಲ್-ಅಅ್‌ರಾಫ್ ಅಧ್ಯಾಯದ ಕೆಲವು ವಚನಗಳನ್ನು. ಕೆಟ್ಟದ್ದನ್ನು ತಡೆದವರು ಪಾರಾದರು ಎಂದು ಅಲ್ಲಿ ಹೇಳಿದೆ, ಕೆಟ್ಟದ್ದು ಮಾಡಿದವರಿಗೆ ಶಿಕ್ಷೆಯಾಯಿತು ಎಂದೂ ಇದೆ. ಸುಮ್ಮನಿದ್ದವರು ಏನಾದರು? ಅವರ ಮಾತೇ ಇಲ್ಲ. ನಾವೂ ಒಪ್ಪಲಾಗದ್ದನ್ನು ಎಷ್ಟೋ ನೋಡುತ್ತೇವೆ, ಬಾಯಿ ಬಿಡುವುದಿಲ್ಲವಲ್ಲ ಎಂಬುದೇ ಅವರ ಸಂಕಟವಾಗಿತ್ತು. ಈ ಪ್ರಸಂಗವನ್ನು ತಬರಿಯಂಥ ಹಳೆಯ ವ್ಯಾಖ್ಯಾನಕಾರರು ದಾಖಲಿಸಿದ್ದಾರೆ.

ಆ ವಚನಗಳಲ್ಲಿರುವುದು ಕಡಲ ದಡದ ಒಂದು ಊರಿನ ಕಥೆ. ಈಗಿನ ಜೋರ್ಡಾನಿನ ಅಕಬಾ ಬಳಿಯ ಐಲಾ ಅದು ಎಂದು ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಊರಿನವರು ಬನೀ ಇಸ್ರಾಈಲರು, ಅಂದರೆ ಇಸ್ರಾಯೇಲ್ಯರು. ಸಬ್ಬತ್ ದಿನ, ಅಂದರೆ ಶನಿವಾರ, ಅವರು ಮೀನು ಹಿಡಿಯುವಂತಿರಲಿಲ್ಲ. ಮೀನುಗಳು ನೀರಿನ ಮೇಲೆ ಕಾಣಿಸಿಕೊಳ್ಳುತ್ತಿದ್ದುದೂ ಅದೇ ದಿನ. ಮಿಕ್ಕ ದಿನಗಳಲ್ಲಿ ಬರುತ್ತಿರಲಿಲ್ಲ. ಕೆಲವರು ಉಪಾಯ ಹೂಡಿದರು. ಮೊದಲೇ ಬಲೆ ಕಟ್ಟಿ, ಗುಂಡಿ ತೋಡಿ, ಶನಿವಾರ ಸಿಕ್ಕಿಬಿದ್ದ ಮೀನನ್ನು ಭಾನುವಾರ ಎತ್ತಿಕೊಂಡರು ಎಂಬ ವಿವರ ವ್ಯಾಖ್ಯಾನಗಳಲ್ಲಿ ಬರುತ್ತದೆ. ಕೆಲವರು ಇದನ್ನು ತಪ್ಪೆಂದು ಎದುರಿಗೇ ಹೇಳಿದರು. ಇವೆರಡರಲ್ಲೂ ಸೇರದ ಮೂರನೆಯ ಗುಂಪು ಮೀನನ್ನೂ ಹಿಡಿಯಲಿಲ್ಲ, ಹಿಡಿದವರನ್ನೂ ತಡೆಯಲಿಲ್ಲ. ಅವರು ಪ್ರಶ್ನೆ ಮಾಡಿದ್ದು ತಿದ್ದಲು ಹೊರಟವರನ್ನೇ: ಅಲ್ಲಾಹನು ನಾಶಮಾಡಲಿರುವ ಜನರಿಗೆ ನೀವೇಕೆ ಬುದ್ಧಿ ಹೇಳುತ್ತೀರಿ? ಬಂದ ಉತ್ತರ ಚಿಕ್ಕದು. ನಮ್ಮ ಪ್ರಭುವಿನ ಮುಂದೆ ನಮ್ಮ ಹೊಣೆ ತೀರಲಿ ಎಂದು; ಅಲ್ಲದೆ, ಅವರು ತಿದ್ದಿಕೊಂಡರೂ ತಿದ್ದಿಕೊಂಡಾರು.

ಆ ಪ್ರಶ್ನೆಯನ್ನೇ ಹಿಡಿದು ಇಕ್ರಿಮಾ ಗುರುವಿಗೆ ಸಮಾಧಾನ ಹೇಳಿದರು. ನಾಶವಾಗಲಿರುವ ಜನ ಎನ್ನುವಾಗಲೇ ಆ ಕೆಲಸ ಅವರಿಗೆ ಹೇಸಿಗೆ ಎನಿಸಿತ್ತೆಂದು ಗೊತ್ತಾಗುತ್ತದೆ, ಹಾಗಾಗಿ ಅವರೂ ಪಾರಾಗಿರಬೇಕು ಎಂದರು. ಇಬ್ನ್ ಅಬ್ಬಾಸ್ ಹಿಗ್ಗಿ ಶಿಷ್ಯನಿಗೆ ಎರಡು ದಪ್ಪ ವಸ್ತ್ರ ಕೊಡಿಸಿದರಂತೆ. ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. 1373ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ಇಬ್ನ್ ಕಸೀರ್, ಸುಮ್ಮನಿದ್ದವರ ಬಗ್ಗೆ ಕುರ್‌ಆನ್ ಕೂಡ ಸುಮ್ಮನಾಯಿತು ಎಂದು ಬರೆದರು. ಹೊಗಳಿಕೆಗೆ ತಕ್ಕ ಕೆಲಸವನ್ನೂ ಅವರು ಮಾಡಿರಲಿಲ್ಲ, ತೆಗಳಿಕೆಗೆ ತಕ್ಕ ಅಪರಾಧವನ್ನೂ ಮಾಡಿರಲಿಲ್ಲ. ಇಕ್ರಿಮಾರ ಸಮಾಧಾನಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಕಾಡುತ್ತದೆ.

ಪ್ರವಾದಿ ಸಾಲಿಹ್ (ಅ) ಅವರ ಸಮೂದ್ ಜನಾಂಗದ ಕಥೆಯಲ್ಲಿ ಇಷ್ಟು ರಿಯಾಯಿತಿಯೂ ಇಲ್ಲ. ನೀರಿಗೆ ಸರದಿ ಗೊತ್ತಾಗಿತ್ತು: ಒಂದು ದಿನ ದೇವರ ಕುರುಹಾಗಿ ಬಂದ ಹೆಣ್ಣೊಂಟೆಗೆ, ಒಂದು ದಿನ ಜನರಿಗೆ. ಒಂಟೆಯ ಮೈ ಮುಟ್ಟಬೇಡಿ ಎಂದು ಪ್ರವಾದಿ ಎಚ್ಚರಿಸಿದ್ದರು. ಜನ ತಮ್ಮವನೊಬ್ಬನನ್ನು ಕರೆದರು. ಅವನು ಅದರ ಕಾಲು ಕಡಿದು ಕೊಂದ. ಕೈ ಎತ್ತಿದವನು ಒಬ್ಬನೇ ಆದರೂ ಕುರ್‌ಆನ್ ಅದನ್ನು ಊರಿಗೆ ಊರೇ ಮಾಡಿದ ಕೃತ್ಯವೆಂದು ಹೇಳುತ್ತದೆ. ಮೂರು ದಿನದ ಗಡುವು ಮುಗಿದ ಮೇಲೆ ಶಿಕ್ಷೆ ಊರಿನ ಮೇಲೇ ಎರಗಿತು. ನಾಲ್ಕನೆಯ ಖಲೀಫ ಅಲಿ ಅವರ ಪ್ರವಚನಗಳೆಂದು ಹೆಸರಾದ ನಹ್ಜುಲ್ ಬಲಾಗದಲ್ಲಿ ಇದಕ್ಕೆ ಕಾರಣ ಕೊಟ್ಟಿದೆ: ಕೊಂದವನು ಒಬ್ಬ, ಒಪ್ಪಿದವರು ಎಲ್ಲರೂ. 630ರಲ್ಲಿ ತಬೂಕ್ ದಂಡಯಾತ್ರೆಗೆ ಹೊರಟ ಪ್ರವಾದಿ ಮುಹಮ್ಮದ್ (ಸ) ಸಮೂದರ ನೆಲವಾದ ಹಿಜ್ರ್ ದಾಟಿ ಹೋದರು. ಸಂಗಡಿಗರು ಅಲ್ಲಿನ ಬಾವಿಗಳ ನೀರು ಸೇದಿ ಹಿಟ್ಟು ಕಲಸಿಬಿಟ್ಟಿದ್ದರು. ನೀರು ಚೆಲ್ಲಿರಿ, ಹಿಟ್ಟನ್ನು ಒಂಟೆಗಳಿಗೆ ಹಾಕಿರಿ, ಆ ಹೆಣ್ಣೊಂಟೆ ಕುಡಿಯುತ್ತಿದ್ದ ಬಾವಿಯಿಂದ ನೀರು ತನ್ನಿರಿ ಎಂದು ಅವರು ಹೇಳಿದ್ದನ್ನು ಪ್ರವಾದಿಯವರ ನಡೆನುಡಿಗಳ ದಾಖಲೆಯಾದ ಹದೀಸ್ ಸಂಗ್ರಹಗಳು ಉಳಿಸಿಕೊಂಡಿವೆ.

ಪ್ರವಾದಿ ಲೂತ್ (ಅ) ಅವರ ಮನೆಬಾಗಿಲಿಗೆ ಅತಿಥಿಗಳ ಮೇಲೆ ಎರಗಲು ಗುಂಪು ನುಗ್ಗಿ ಬಂದಾಗ ಅವರ ಬಾಯಿಂದ ಬಂದದ್ದು ಒಂದು ಪ್ರಶ್ನೆ: ನಿಮ್ಮಲ್ಲಿ ವಿವೇಕವಿರುವ ಒಬ್ಬನೂ ಇಲ್ಲವೇ? ಗುಂಪಿನಿಂದ ಒಬ್ಬನೂ ಮುಂದೆ ಬರಲಿಲ್ಲ.

ಹಾಗೆಂದು ಸುಮ್ಮನಿದ್ದವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಪ್ರವಾದಿ ಮೂಸಾ (ಅ) ಬೆಟ್ಟದಿಂದ ಹಿಂತಿರುಗಿದಾಗ ಜನ ಕರುವಿನ ವಿಗ್ರಹವನ್ನು ಪೂಜಿಸುತ್ತಿದ್ದರು. ಕೋಪದಲ್ಲಿ ಅವರು ಅಣ್ಣ ಹಾರೂನ್ (ಅ) ಅವರ ತಲೆ, ಗಡ್ಡ ಹಿಡಿದೆಳೆದು, ದಾರಿ ತಪ್ಪುವುದನ್ನು ಕಂಡೂ ಏಕೆ ತಡೆಯಲಿಲ್ಲ ಎಂದರು. ಹಾರೂನ್ ಬಾಯಿಮಾತಿನಲ್ಲಿ ತಡೆದೇ ಇದ್ದರು. ಜನ ನನ್ನನ್ನು ದುರ್ಬಲನೆಂದು ಬಗೆದರು, ಕೊಲ್ಲಲೂ ಸಿದ್ಧರಾಗಿದ್ದರು. ಇನ್ನೂ ಮುಂದೆ ಹೋದರೆ ಬನೀ ಇಸ್ರಾಈಲರನ್ನು ಒಡೆದೆ ಎಂದು ನೀನೇ ಹೇಳುವೆ ಎಂದು ಅಂಜಿದೆ ಎಂದರು. ಮೂಸಾ ತಮ್ಮಿಬ್ಬರಿಗಾಗಿಯೂ ದೇವರಲ್ಲಿ ಕ್ಷಮೆ ಬೇಡಿದರು.

ಪ್ರವಾದಿಯವರು ತೀರಿಕೊಂಡ ಮೇಲೆ ಈ ಕಥೆಗಳು ಆಳುವವರ ಅಂಗಳಕ್ಕೆ ಬಂದವು. ನೀವು ಸರಿದಾರಿಯಲ್ಲಿದ್ದರೆ ದಾರಿ ತಪ್ಪಿದವರಿಂದ ನಿಮಗೆ ಹಾನಿಯಿಲ್ಲ ಎಂಬ ವಚನವನ್ನು ಜನ ತಮ್ಮ ಮೌನಕ್ಕೆ ಆಸರೆ ಮಾಡಿಕೊಳ್ಳುತ್ತಿದ್ದಾರೆಂದು ಮೊದಲ ಖಲೀಫ ಅಬೂಬಕರ್ ಬಹಿರಂಗವಾಗಿ ಎಚ್ಚರಿಸಿದರು. ಮುಂದೆ ಮದೀನಾದ ರಾಜ್ಯಪಾಲನಾಗಿದ್ದ ಮರ್ವಾನ್, ಪ್ರವಾದಿಯವರ ಕ್ರಮ ಮುರಿದು, ಈದ್ ನಮಾಝಿಗೆ ಮೊದಲೇ ಭಾಷಣ ಮಾಡಲು ಹೊರಟ. ಪ್ರವಾದಿಯವರ ಸಂಗಡಿಗ ಅಬೂ ಸಈದ್ ಖುದ್ರಿ ಅವನ ಬಟ್ಟೆ ಹಿಡಿದೆಳೆದರು. ಅವನು ಕೊಸರಿಕೊಂಡು ಭಾಷಣದ ಪೀಠವಾದ ಮಿಂಬರ್ ಹತ್ತಿದ. ನಮಾಝ್ ಮುಗಿದ ಮೇಲೆ ನಮ್ಮ ಮಾತು ಕೇಳಲು ಜನ ಕೂರುವುದಿಲ್ಲ ಎಂಬುದು ಅವನು ಕೊಟ್ಟ ಸಬೂಬು. ಇನ್ನೊಂದು ವರದಿಯಂತೆ ಒಬ್ಬಾತ ಎದ್ದುನಿಂತು ಆಕ್ಷೇಪಿಸಿದ. ಈತ ತನ್ನ ಹೊಣೆ ತೀರಿಸಿದ ಎಂದು ಹೇಳಿದ ಅಬೂ ಸಈದ್, ಪ್ರವಾದಿಯವರ ಪ್ರಸಿದ್ಧ ಮಾತನ್ನು ಅಲ್ಲೇ ನೆನಪಿಸಿದರು: ಕೆಡುಕು ಕಂಡವನು ಕೈಯಿಂದ ಬದಲಿಸಲಿ, ಆಗದಿದ್ದರೆ ನಾಲಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದ, ಅದು ವಿಶ್ವಾಸದ ಅತ್ಯಂತ ದುರ್ಬಲ ಸ್ಥಿತಿ. ಇಂದು ಈ ಹದೀಸನ್ನು ಬಡಪಾಯಿಗಳ ಮೇಲೆ, ಹೆಣ್ಣುಮಕ್ಕಳ ಮೇಲೆ ಎತ್ತುವವರು ಅದು ಅಧಿಕಾರಸ್ಥನ ಎದುರು ಉಲ್ಲೇಖವಾದದ್ದೆಂಬುದನ್ನು ಮರೆಯುತ್ತಾರೆ. ನನಗೆ ಇದು ಸಣ್ಣ ಮರೆವು ಅನ್ನಿಸುವುದಿಲ್ಲ.

ಕೆಡುಕು ತಡೆಯುವ ಹೆಸರಿನಲ್ಲಿ ಕೆಡುಕು ನಡೆಯಬಹುದೆಂಬ ಅರಿವೂ ಹಳೆಯದೇ. 1111ರಲ್ಲಿ ತೀರಿಕೊಂಡ ಧರ್ಮಪಂಡಿತ ಗಝಾಲಿ ತಮ್ಮ ಗ್ರಂಥದಲ್ಲಿ ಈ ವಿಷಯಕ್ಕೆ ಒಂದು ಇಡೀ ಭಾಗವನ್ನೇ ಮೀಸಲಿಟ್ಟರು. ಆಳುವವನ ಅನುಮತಿ ಇದ್ದರೆ ಮಾತ್ರ ತಪ್ಪನ್ನು ತಪ್ಪೆನ್ನಬಹುದು ಎಂಬ ವಾದವನ್ನು ಅವರು ಒಪ್ಪಲಿಲ್ಲ. ಕದ್ದು ನೋಡಿ ತಪ್ಪು ಹುಡುಕುವುದನ್ನೂ ಒಪ್ಪಲಿಲ್ಲ. ಅವರು ಹೇಳುವ ಒಂದು ಪ್ರಸಂಗದಲ್ಲಿ ಖಲೀಫ ಉಮರ್ ಒಬ್ಬನ ಮನೆಯ ಗೋಡೆ ಹತ್ತಿ ಅವನ ತಪ್ಪನ್ನು ಹಿಡಿಯುತ್ತಾರೆ. ನಾನು ಒಂದು ಆಜ್ಞೆ ಮೀರಿದ್ದರೆ ನೀವು ಮೂರು ಮೀರಿದಿರಿ ಎನ್ನುತ್ತಾನೆ ಮನೆಯೊಡೆಯ: ಗೂಢಚಾರಿಕೆ ಬೇಡ, ಬಾಗಿಲಿನಿಂದಲೇ ಬನ್ನಿ, ಅನುಮತಿ ಇಲ್ಲದೆ ಒಳಬರಬೇಡಿ ಎಂದು ಕುರ್‌ಆನ್ ಹೇಳಿಲ್ಲವೇ? ಉಮರ್ ಅವನನ್ನು ಬಿಟ್ಟು ಹೊರಟರು.

ಕಾಲ ಕಳೆದಂತೆ ಈ ಹೊಣೆಯ ಒಂದು ಪಾಲು ಸರಕಾರಿ ಹುದ್ದೆಯಾಯಿತು. ಮಾರುಕಟ್ಟೆಯ ತೂಕ, ಅಳತೆ ನೋಡುವ ಮುಹ್ತಸಿಬ್ ಅದರ ಹಳೆಯ ರೂಪ. ಸೌದಿ ಅರೇಬಿಯಾದ ಧಾರ್ಮಿಕ ಪೊಲೀಸರು ಆಧುನಿಕ ರೂಪ. 2016ರಲ್ಲಿ ಅಲ್ಲಿನ ಸರಕಾರ ಅವರಿಂದ ಜನರನ್ನು ಬೆನ್ನಟ್ಟುವ, ಬಂಧಿಸುವ, ಗುರುತಿನ ಚೀಟಿ ಕೇಳುವ ಅಧಿಕಾರವನ್ನು ಹಿಂತೆಗೆದುಕೊಂಡಿತು.