ವೆಂಟಿಲೇಟರ್‌ಗೆ ಬೇಕಾದದ್ದು ತೂಕವಲ್ಲ, ಎತ್ತರ

ಮಳೆಗಾಲ ಬಂತೆಂದರೆ ಮಂಗಳೂರು, ಉಡುಪಿ ಕಡೆ ಇಲಿಜ್ವರ, ಮಲೇರಿಯಾದ ಮಾತು ಶುರು. ಹೆಚ್ಚಿನವರು ಮದ್ದು ತಗೊಂಡು ಗುಣವಾಗುತ್ತಾರೆ. ಕೆಲವರಿಗೆ ಮಾತ್ರ ಕಾಯಿಲೆ ಶ್ವಾಸಕೋಶಕ್ಕೇ ಪೆಟ್ಟು ಕೊಡುತ್ತದೆ. ಗಾಳಿ ಇರಬೇಕಾದ ಪುಟ್ಟ ಚೀಲಗಳಲ್ಲಿ ನೀರು ತುಂಬುತ್ತದೆ, ರಕ್ತಕ್ಕೆ ಆಮ್ಲಜನಕ ಸಾಲುವುದಿಲ್ಲ. ಇದೇ ಎಆರ್‌ಡಿಎಸ್. ಆಗ ವೆಂಟಿಲೇಟರ್ ಬೇಕಾಗುತ್ತದೆ.

ಐಸಿಯು ಹೊರಗೆ ಕೂತ ಮನೆಯವರ ಪ್ರಶ್ನೆ ಒಂದುಂಟು: "ಸ್ವಲ್ಪ ದಪ್ಪ ಜನ ಡಾಕ್ಟ್ರೇ, ಅದರಿಂದ ತೊಂದರೆ ಉಂಟಾ?"

ದಪ್ಪ ಇದ್ದವರಿಗೆ ಎಆರ್‌ಡಿಎಸ್ ಬರುವ ಅಪಾಯ ಜಾಸ್ತಿ, ನಿಜ. ಆದರೆ ಬಂದ ಮೇಲೆ ಅವರೇ ಹೆಚ್ಚು ಸಾಯುತ್ತಾರೆಯೇ? ಹಲವು ಅಧ್ಯಯನಗಳಲ್ಲಿ ಹಾಗೆ ಕಂಡಿಲ್ಲ. ಕೆಲವದರಲ್ಲಿ ದಪ್ಪ ಇದ್ದವರೇ ಹೆಚ್ಚು ಬದುಕಿದ್ದಾರೆ, ತೀರಾ ಸಣಕಲು ಇದ್ದವರೇ ಹೆಚ್ಚು ಸತ್ತಿದ್ದಾರೆ. ವಿಚಿತ್ರ ಅಲ್ವಾ? ಐಸಿಯುನಲ್ಲಿ ಸ್ನಾಯು ಬೇಗ ಕರಗುತ್ತದೆ, ಮೈಯಲ್ಲಿ ದಾಸ್ತಾನು ಇದ್ದವರು ತಡೆದುಕೊಳ್ಳುತ್ತಾರೆ ಎಂಬುದು ಒಂದು ವಿವರಣೆ. ನನಗೆ ಹೆಚ್ಚು ಸರಿ ಕಾಣುವುದು ಬೇರೆ. ಸಣಕಲು ಇದ್ದವರಲ್ಲಿ ಎಷ್ಟೋ ಜನ ಕ್ಷಯ, ಕ್ಯಾನ್ಸರ್‌ನಂಥ ಕಾಯಿಲೆಯಿಂದ ಮೊದಲೇ ಬಡವಾಗಿರುತ್ತಾರೆ. ಇನ್ನು ದಪ್ಪ ಇದ್ದವರು ಮಲಗಿದಾಗ ಹೊಟ್ಟೆಯ ಭಾರಕ್ಕೆ ಶ್ವಾಸಕೋಶದ ಬುಡ ಮುದುಡುತ್ತದೆ. ಎಕ್ಸ್‌ರೇಯಲ್ಲಿ ಕಾಯಿಲೆ ಇದ್ದದ್ದಕ್ಕಿಂತ ಜೋರಾಗಿ ಕಾಣಬಹುದು. ಅಷ್ಟೇನೂ ಜೋರಿಲ್ಲದವರೂ ಎಆರ್‌ಡಿಎಸ್ ಲೆಕ್ಕಕ್ಕೆ ಸೇರಿದರೆ, ದಪ್ಪ ಇದ್ದವರೇ ಹೆಚ್ಚು ಬದುಕಿದಂತೆ ತೋರುತ್ತದೆ. ಹಾಗಾಗಿ ಈ ಲೆಕ್ಕ ನೋಡಿ ಸುಮ್ನೆ ತೂಕ ಏರಿಸಿಕೊಳ್ಳಲು ಹೊರಡಬೇಡಿ.

ತೂಕ ನಿಜವಾಗಿ ಎಡವಟ್ಟು ಮಾಡುವುದು ವೆಂಟಿಲೇಟರ್ ಮುಂದೆ. ಮೈ ದಪ್ಪವಾದರೆ ಶ್ವಾಸಕೋಶ ಬೆಳೆಯುವುದಿಲ್ಲ. ಅದರ ಗಾತ್ರ ಎತ್ತರಕ್ಕೆ ತಕ್ಕಂತೆ. ಅದಕ್ಕೇ ಎತ್ತರದಿಂದ ಒಂದು 'ಅಂದಾಜು ತೂಕ' ಲೆಕ್ಕ ಹಾಕುತ್ತಾರೆ. 160 ಸೆಂ.ಮೀ. ಎತ್ತರದ ಹೆಂಗಸಿಗೆ ಅದು ಸುಮಾರು 52 ಕೆಜಿ, ತಕ್ಕಡಿ 85 ತೋರಿಸಿದರೂ ಅಷ್ಟೇ. ಕೆಜಿಗೆ 6 ಮಿ.ಲೀ. ಲೆಕ್ಕದಲ್ಲಿ ಒಂದು ಉಸಿರಿಗೆ ಸುಮಾರು 315 ಮಿ.ಲೀ. ಗಾಳಿ. ತಕ್ಕಡಿಯನ್ನು ನಂಬಿದರೆ 510! ಮೊದಲೇ ನೊಂದ ಶ್ವಾಸಕೋಶವನ್ನು ಅದು ಇನ್ನಷ್ಟು ಹಿಗ್ಗಿಸಿ ಹಾಳು ಮಾಡುತ್ತದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 861 ರೋಗಿಗಳಿದ್ದರು. ಅಂದಾಜು ತೂಕದ ಕೆಜಿಗೆ 12 ಮಿ.ಲೀ. ಪಡೆದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಸತ್ತರು, 6 ಮಿ.ಲೀ. ಪಡೆದವರಲ್ಲಿ 31.

ಮಲಗಿದ ರೋಗಿಯ ಎತ್ತರವನ್ನು ಕಣ್ಣಂದಾಜಿನಲ್ಲಿ ಬರೆದರೆ ತಪ್ಪುವುದೇ ಜಾಸ್ತಿ. ಟೇಪ್ ಹಿಡಿದು ಅಳೆಯಬೇಕು. ಕಾಲು ನೀಡಿಸಲು ಆಗದಿದ್ದರೆ ಮುಂಗೈ ಮೂಳೆಯ ಉದ್ದದಿಂದಲೂ ಎತ್ತರ ಲೆಕ್ಕ ಹಾಕಬಹುದು.