ಪಂಚ್ ಡೌನ್ ಟೂಲ್: ಕ್ರಿಂಪಿಂಗ್ ಟೂಲ್ ಅಲ್ಲ, ಖಂಡಿತ ಅಲ್ಲ

‘ಗೋಡೆಯ ಸಾಕೆಟ್‌ಗೆ ನೆಟ್‌ವರ್ಕ್ ಕೇಬಲ್ ಹಾಕಬೇಕಾ? ಒಳ್ಳೆ ಕ್ರಿಂಪಿಂಗ್ ಟೂಲ್ ತಗೊಳ್ಳಿ.’ ಈ ಸಲಹೆಯನ್ನು ಇನ್ನೊಂದು ಸಲ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಕ್ರಿಂಪಿಂಗ್ ಟೂಲ್‌ನ ಬಾಯಿಗೆ ಸಾಕೆಟ್ ಹಿಡಿಸುವುದೇ ಇಲ್ಲ. ತಗೊಂಡವರು ಅದನ್ನಿಟ್ಟುಕೊಂಡು ಏನು ಮಾಡಬೇಕು?

ಕ್ರಿಂಪಿಂಗ್ ಇರುವುದು ಪ್ಲಗ್‌ಗೆ. ನೆಟ್‌ವರ್ಕ್ ಕೇಬಲ್‌ನ ತುದಿಗೆ ಹಾಕುವ ಆರ್‌ಜೆ45 ಪ್ಲಗ್‌ನೊಳಗೆ 8 ವೈರ್ ತೂರಿಸಿ ಹಿಡಿಕೆ ಅದುಮಿದರೆ, ಮೇಲಿನ ಲೋಹದ ಹಲ್ಲುಗಳು ಕೆಳಗಿಳಿದು ಒಂದೊಂದು ವೈರಿಗೂ ಚುಚ್ಚಿಕೊಳ್ಳುತ್ತವೆ. ಪ್ಲಗ್ ಹಿಂಭಾಗದ ಒಂದು ತುಂಡು ಕೇಬಲ್‌ನ ಹೊರಕವಚವನ್ನು ಬಿಗಿಯಾಗಿ ಹಿಡಿಯುತ್ತದೆ. ಅಷ್ಟೇ ಅದರ ಕೆಲಸ. ಒಮ್ಮೆ ಅದುಮಿದ ಪ್ಲಗ್ ಮತ್ತೆ ಬಳಕೆಗೆ ಬರುವುದಿಲ್ಲ.

ಗೋಡೆಯ ಸಾಕೆಟ್, ಪ್ಯಾಚ್ ಪ್ಯಾನೆಲ್ (ಹಲವು ಕೇಬಲ್‌ಗಳು ಬಂದು ಸೇರುವ ಸಾಕೆಟ್‌ಗಳ ಹಲಗೆ), ಟೆಲಿಫೋನ್ ಬ್ಲಾಕ್ (ಟೆಲಿಫೋನ್ ವೈರುಗಳನ್ನು ಜೋಡಿಸುವ ಪಟ್ಟಿ), ಇವೆಲ್ಲ ಪಂಚ್ ಡೌನ್ ಟೂಲ್‌ನ ಪಾಲು. ಇಲ್ಲಿ ವೈರನ್ನು ಒಂದು ಸೀಳಿನ ಮೇಲೆ ಇಟ್ಟು ಒತ್ತುತ್ತೇವೆ. ಸೀಳಿನ ಎರಡು ಅಂಚುಗಳೇ ಪ್ಲಾಸ್ಟಿಕ್ ಕವಚವನ್ನು ಕತ್ತರಿಸಿ ಒಳಗಿನ ತಾಮ್ರವನ್ನು ಹಿಡಿದುಕೊಳ್ಳುತ್ತವೆ. ಹಾಗಾಗಿ ಒಂದೊಂದು ವೈರಿನ ಕವಚವನ್ನೂ ಮೊದಲೇ ಸುಲಿದು ಕೂರುವುದು ಬೇಡ. ಸುಲಿದರೆ ಹಿಡಿತ ಸಡಿಲವಾಗುತ್ತದೆ, ಆಮೇಲೆ ‘ಲೈನ್ ಬರುತ್ತೆ, ಹೋಗುತ್ತೆ’ ಅಂತ ಕಾರಣ ಹುಡುಕುತ್ತಾ ಕೂರಬೇಕು. ಸುಲಿಯಬೇಕಾದ್ದು ಹೊರಗಿನ ದಪ್ಪ ಕವಚ ಮಾತ್ರ. ಜೋಡಿ ವೈರುಗಳ ತಿರುಚನ್ನೂ ಸುಮ್ನೆ ಉದ್ದಕ್ಕೆ ಬಿಚ್ಚಬೇಡಿ. ಕ್ಯಾಟ್5ಇ ಎಂಬ ಬಗೆಯ ನೆಟ್‌ವರ್ಕ್ ಕೇಬಲ್‌ನಲ್ಲಿ ಬಿಚ್ಚಿದ ಉದ್ದ 13 ಮಿ.ಮೀ. ಮೀರಬಾರದು.

ಟೂಲ್‌ನ ಹೆಸರು ಸರಿಯಾಗಿ ಹೇಳುವವರೂ ಎಡವುವುದು ಅದರ ತುದಿಯ ಬ್ಲೇಡ್‌ನಲ್ಲಿ. ‘ಪಂಚ್ ಡೌನ್ ಟೂಲ್’ ಅಂತ ಮಾತ್ರ ಹೇಳಿದರೆ ಅರ್ಧ ಹೇಳಿದ ಹಾಗೆ. ಮುಖ್ಯವಾಗಿ ಮೂರು ಬಗೆ: 66, 110 ಮತ್ತು ಕ್ರೋನ್. 66 ಹಳೆಯ ಟೆಲಿಫೋನ್ ಬ್ಲಾಕ್‌ಗಳದ್ದು. ನೆಟ್‌ವರ್ಕ್ ಸಾಕೆಟ್‌ಗಳಲ್ಲಿ ಜಾಸ್ತಿ ಕಾಣುವುದು 110. ಕ್ರೋನ್ ಜರ್ಮನಿಯದು. ಅದರ ಮೇಲಿನ ‘ಎಲ್‌ಎಸ್‌ಎ’ ಎಂಬ ಅಕ್ಷರಗಳು ಬೆಸುಗೆ ಬೇಡ, ಸ್ಕ್ರೂ ಬೇಡ, ಸುಲಿಯುವುದು ಬೇಡ ಎಂಬ ಅರ್ಥದ ಜರ್ಮನ್ ಪದಗಳ ಮೊದಲಕ್ಷರ. ಸುಲಿಯಬೇಡಿ ಅಂತ ಹೆಸರಲ್ಲೇ ಇದೆ, ಆದರೂ ಸುಲಿಯುತ್ತಾರೆ! ಕ್ರೋನ್‌ನ ಸೀಳು ವೈರಿಗೆ 45 ಡಿಗ್ರಿ ಓರೆಯಾಗಿರುತ್ತದೆ. ಅಲ್ಲಿ 110ರ ಬ್ಲೇಡ್ ಇಟ್ಟು ಗುದ್ದಿದರೆ ವೈರ್ ಪೂರ್ತಿ ಕೂರುವುದಿಲ್ಲ, ಬ್ಲಾಕ್ ಕೂಡ ಹಾಳಾಗಬಹುದು. ಎರಡೂ ಬ್ಲೇಡ್ ಒಪ್ಪುವ ಸಾಕೆಟ್‌ಗಳೂ ಬಂದಿವೆ. ‘ಯಾವುದಾದರೂ ನಡೆಯುತ್ತೆ’ ಎಂಬ ಮಾತು ಅಲ್ಲಿಂದಲೇ ಹುಟ್ಟಿರಬೇಕು. ಎಲ್ಲ ಕಡೆ ನಡೆಯುವುದಿಲ್ಲ.

ಬ್ಲೇಡ್‌ನ ಒಂದು ಬದಿ ಮಾತ್ರ ಹರಿತ. ಆ ಬದಿ ವೈರಿನ ಬೇಡದ ತುದಿಯ ಕಡೆಗಿರಬೇಕು. ತಿರುಗಾ ಮುರುಗಾ ಹಿಡಿದರೆ ಬೇಕಾದ ವೈರೇ ಕತ್ತರಿಸಿಹೋಗುತ್ತದೆ. ಸ್ಪ್ರಿಂಗ್ ಇರುವ ಟೂಲ್ ಸಿಕ್ಕರೆ ಅದನ್ನೇ ತಗೊಳ್ಳಿ, ಪ್ರತಿ ಸಲವೂ ಒಂದೇ ಬಲದಲ್ಲಿ ಹೊಡೆಯುತ್ತದೆ. ಇನ್ನು ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ಮುಗಿಸುವವರಿಗೆ ಏನು ಹೇಳುವುದು? ಸೀಳು ಅಗಲವಾದರೆ ಮತ್ತೆ ಬಿಗಿಯಾಗುವುದಿಲ್ಲ.

ನಿಜವಾಗಿ ಪ್ಲಗ್ ಹಾಕಬೇಕಾದವರು ಕ್ರಿಂಪಿಂಗ್ ಟೂಲ್‌ನಲ್ಲಿ ರಾಚೆಟ್ ಇದೆಯಾ ನೋಡಿ. ಪೂರ್ತಿ ಅದುಮುವ ತನಕ ಅದು ಬಾಯಿ ಬಿಡುವುದಿಲ್ಲ. ಟೆಲಿಫೋನಿನ ಆರ್‌ಜೆ11 ಪ್ಲಗ್ ಚಿಕ್ಕದು, ಅದಕ್ಕೆ ಬೇರೆ ಅಚ್ಚು ಬೇಕು. ವೈರ್ ತುದಿ ಮುಂದಕ್ಕೆ ಹೊರಬರುವ ಪಾಸ್‌ಥ್ರೂ ಪ್ಲಗ್ ಆದರೆ, ಆ ತುದಿಯನ್ನು ಸಮಕ್ಕೆ ಕತ್ತರಿಸುವ ಬ್ಲೇಡ್ ಟೂಲ್‌ನಲ್ಲೇ ಇರಬೇಕು. ಬರೀ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಪ್ಲಗ್ ಇರುವ ಚಿಕ್ಕ ಕೇಬಲ್) ಬೇಕಿದ್ದರೆ ರೆಡಿ ಸಿಗುವುದನ್ನೇ ತಗೊಳ್ಳಿ, ಎರಡು ಟೂಲೂ ಬೇಡ.