ಕರಪತ್ರದ ಐದನೇ ಸಾಲು: ಟೆಕ್ಸಾಸ್‌ನಲ್ಲಿ ‘ಸ್ಕೂಲ್ ಚಾಯ್ಸ್’ ನಡೆದು ಬಂದ ದಾರಿ

ಎರಡು ವರ್ಷಕ್ಕೊಮ್ಮೆ ಫೆಬ್ರವರಿ ಬಂತೆಂದರೆ ಟೆಕ್ಸಾಸ್‌ನ ಮನೆಗಳ ಅಂಚೆಡಬ್ಬದಲ್ಲಿ ಬಣ್ಣದ ಕಾರ್ಡುಗಳು ತುಂಬಿಕೊಳ್ಳುತ್ತವೆ. ಮಾರ್ಚ್ ಮೊದಲ ವಾರ ಪ್ರೈಮರಿ, ಅಂದರೆ ಪಕ್ಷದ ಟಿಕೆಟ್ ಯಾರಿಗೆ ಅಂತ ತೀರ್ಮಾನಿಸುವ ಚುನಾವಣೆ. ರಿಪಬ್ಲಿಕನ್ ಪಕ್ಷದಿಂದ ರಾಜ್ಯದ ಕೆಳಮನೆಗೆ ಹೋಗಲು ಹೊರಟವರ ಕಾರ್ಡುಗಳನ್ನು ಸಾಲಾಗಿ ಇಟ್ಟು ನೋಡಿ. ಫೋಟೋ ಬೇರೆ, ಹೆಸರು ಬೇರೆ, ಮಾತು ಮಾತ್ರ ಹೆಚ್ಚುಕಡಿಮೆ ಒಂದೇ. ಮನೆ ತೆರಿಗೆ ಇಳಿಸುತ್ತೇನೆ. ಗಡಿ ಕಾಯುತ್ತೇನೆ. ಬಂದೂಕಿನ ಹಕ್ಕನ್ನು ಮುಟ್ಟಲು ಬಿಡುವುದಿಲ್ಲ. ಗರ್ಭಪಾತಕ್ಕೆ ನನ್ನ ವಿರೋಧವಿದೆ. ಐದನೆಯದು: ‘ಸ್ಕೂಲ್ ಚಾಯ್ಸ್’ ಬೇಕು.

ಮೊದಲ ನಾಲ್ಕು ಹಳೇ ಮಾತು. ಐದನೇ ಸಾಲಿನ ಕತೆ ಬೇರೆ. ಹತ್ತು ವರ್ಷದ ಹಿಂದೆ ಟೆಕ್ಸಾಸ್‌ನ ಹಳ್ಳಿಗಾಡಿನ ರಿಪಬ್ಲಿಕನ್ ಶಾಸಕ ಇದನ್ನು ಜೋರಾಗಿ ಹೇಳಿದ್ದರೆ ಅವನ ಸೀಟು ಅಲುಗಾಡುತ್ತಿತ್ತು. ಈಗ ಹೇಳದೇ ಇದ್ದರೆ ಅಲುಗಾಡುತ್ತದೆ.

ಇದೇನು ವಿಷಯ? ಮಗುವನ್ನು ಖಾಸಗಿ ಶಾಲೆಗೆ ಸೇರಿಸಲು ಸರ್ಕಾರ ಅಪ್ಪ ಅಮ್ಮನಿಗೆ ದುಡ್ಡು ಕೊಡುವುದು. ಹಳೇ ಹೆಸರು ‘ವೋಚರ್’. ನಮ್ಮ ಆರ್‌ಟಿಇ ಸೀಟು ಗೊತ್ತಲ್ಲ, ಖಾಸಗಿ ಶಾಲೆಯ 25% ಸೀಟಿಗೆ ಸರ್ಕಾರ ಫೀಸು ತುಂಬುವುದು? ಅದರ ದೂರದ ನೆಂಟ ಅನ್ನಬಹುದು. ಆದರೆ ನಮ್ಮದು ಬಡವರ, ಹಿಂದುಳಿದವರ ಮಕ್ಕಳಿಗೆ ಅಂತ ಬಂದದ್ದು. ಅದನ್ನೂ ಕರ್ನಾಟಕ 2019ರಲ್ಲಿ ಬಿಗಿ ಮಾಡಿತು: ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿಲ್ಲ. ಟೆಕ್ಸಾಸ್ ಹೋದದ್ದು ತದ್ವಿರುದ್ಧ ದಿಕ್ಕಿಗೆ.

ಈ ಯೋಚನೆಗೆ ಹೊಸ ರೂಪ ಕೊಟ್ಟವರು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್. 1955ರ ಒಂದು ಪ್ರಬಂಧದಲ್ಲಿ ಅವರು ಹೇಳಿದ್ದು ಸರಳ: ಶಿಕ್ಷಣಕ್ಕೆ ಸರ್ಕಾರ ದುಡ್ಡು ಕೊಡಲಿ, ಶಾಲೆಗಳನ್ನು ತಾನೇ ನಡೆಸಬೇಕು ಅಂತೇನಿಲ್ಲ. ಆದರೆ ಆ ಹೊತ್ತು ಸರಿಯಿರಲಿಲ್ಲ. ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟ್, ಬಿಳಿಯರಿಗೆ ಮತ್ತು ಕರಿಯರಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಇರುವಂತಿಲ್ಲ ಎಂದಿತ್ತು. ದಕ್ಷಿಣದ ರಾಜ್ಯಗಳು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದವು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) 1959ರಲ್ಲಿ ತನ್ನ ಸರ್ಕಾರಿ ಶಾಲೆಗಳಿಗೆಲ್ಲ ಬೀಗ ಹಾಕಿಬಿಟ್ಟಿತು. ಬಿಳಿಯರ ಮಕ್ಕಳು ಹೊಸ ಖಾಸಗಿ ಶಾಲೆಗೆ ಹೋದರು, ಫೀಸಿಗೆ ಸರ್ಕಾರದ ನೆರವು ಸಿಕ್ಕಿತು. ಕರಿಯರ ಮಕ್ಕಳು ಐದು ವರ್ಷ ಬೀದಿಯಲ್ಲಿ. 1964ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕೊನೆ ಹಾಡಿತು. ‘ವೋಚರ್’ ಅನ್ನುವ ಪದಕ್ಕೆ ಅಂಟಿದ ಆ ಕಲೆ ಮಾತ್ರ ಸುಲಭಕ್ಕೆ ಹೋಗಲಿಲ್ಲ. ಹೆಸರು ‘ಚಾಯ್ಸ್’, ‘ಫ್ರೀಡಂ’ ಅಂತೆಲ್ಲ ಬದಲಾಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಮುಂದಿನ ತಿರುವು ಯಾರೂ ಊಹಿಸದ ಕಡೆಯಿಂದ ಬಂತು. 1990ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಈ ಕಾಲದ ಮೊದಲ ವೋಚರ್ ಯೋಜನೆ ಶುರುವಾಯಿತು. ಹೋರಾಡಿ ತಂದವರು ಪಾಲಿ ವಿಲಿಯಮ್ಸ್. ಕಪ್ಪು ಮಹಿಳೆ, ಅದೂ ಡೆಮಾಕ್ರಟಿಕ್ ಪಕ್ಷದ ಶಾಸಕಿ! ತನ್ನ ಕೇರಿಯ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಓದು ಹತ್ತುತ್ತಿಲ್ಲ, ಉಳ್ಳವರಿಗಿರುವ ದಾರಿ ಇವರಿಗೂ ಇರಲಿ ಅನ್ನುವುದು ಅವರ ವಾದ. ರಿಪಬ್ಲಿಕನ್ ಗವರ್ನರ್ ಟಾಮಿ ಥಾಂಪ್ಸನ್ ಕೈಜೋಡಿಸಿದರು. ಮೊದಲ ವರ್ಷ ಸೇರಿದ್ದು ಮುನ್ನೂರ ಚಿಲ್ಲರೆ ಮಕ್ಕಳು, ಎಲ್ಲರೂ ಬಡವರ ಮನೆಯವರು. ಮುಂದೆ ಆದಾಯದ ಮಿತಿ ಏರಿಸುತ್ತಾ ಹೋದಾಗ ಇದೇ ವಿಲಿಯಮ್ಸ್ ಸಿಟ್ಟಾದರು. ಬಡವರಿಗೆ ಅಂತ ತೆಗೆದ ಬಾಗಿಲಿನಲ್ಲಿ ಯಾರು ಯಾರೋ ನುಗ್ಗುತ್ತಿದ್ದಾರೆ ಅನ್ನಿಸಿರಬೇಕು.

ಧಾರ್ಮಿಕ ಶಾಲೆಗೆ ಸರ್ಕಾರದ ದುಡ್ಡು ಹೋಗಬಹುದೇ ಅನ್ನುವ ತಕರಾರು 2002ರಲ್ಲಿ ಕ್ಲೀವ್‌ಲ್ಯಾಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆಯ್ಕೆ ಅಪ್ಪ ಅಮ್ಮನದ್ದಾದರೆ ತೊಂದರೆಯಿಲ್ಲ ಎಂದು 5–4ರ ತೀರ್ಪು ಬಂತು. ಕಾನೂನಿನ ದೊಡ್ಡ ಅಡ್ಡಿ ಅಲ್ಲಿಗೆ ಸರಿಯಿತು.

ಆದರೂ ಟೆಕ್ಸಾಸ್‌ನಲ್ಲಿ ಏನೂ ಆಗಲಿಲ್ಲ. ಇಷ್ಟು ಗಟ್ಟಿ ರಿಪಬ್ಲಿಕನ್ ರಾಜ್ಯದಲ್ಲಿ ಯಾಕೆ ಅಂತ ಕೇಳಿದರೆ, ಅಲ್ಲಿನ ಚಿಕ್ಕ ಊರುಗಳನ್ನು ನೋಡಬೇಕು. ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ಹಲವು ಕಡೆ ಒಂದೂ ಖಾಸಗಿ ಶಾಲೆ ಇಲ್ಲ. ಊರಿನಲ್ಲಿ ಜಾಸ್ತಿ ಜನಕ್ಕೆ ಸಂಬಳ ಕೊಡುವುದು ಸರ್ಕಾರಿ ಶಾಲೆಯೇ. ಶುಕ್ರವಾರ ರಾತ್ರಿ ಇಡೀ ಊರು ಸೇರುವುದು ಆ ಶಾಲೆಯ ಫುಟ್‌ಬಾಲ್ ಪಂದ್ಯಕ್ಕೆ, ನಮ್ಮಲ್ಲಿ ತೇರಿಗೆ ಸೇರಿದ ಹಾಗೆ. ಅಂಥ ಊರಿನ ಶಾಸಕ ಬಂದೂಕಿನ ವಿಷಯದಲ್ಲಿ ಎಷ್ಟೇ ಕಟ್ಟಾ ಇರಲಿ, ಶಾಲೆಯ ದುಡ್ಡಿನ ಮಾತು ಬಂದಾಗ ನಗರದ ಡೆಮಾಕ್ರಟರ ಜೊತೆ ನಿಲ್ಲುತ್ತಿದ್ದ. (ಫ್ರಿಸ್ಕೊ, ಪ್ಲೇನೋ ಕಡೆ ನೆಲೆಸಿರುವ ನಮ್ಮವರೂ ಮನೆ ಕೊಳ್ಳುವ ಮೊದಲು ವಿಚಾರಿಸುವುದು ಅಲ್ಲಿನ ಸರ್ಕಾರಿ ಶಾಲೆ ಹೇಗಿದೆ ಅಂತಲೇ. ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳಿದವರನ್ನು ನಾನಂತೂ ಕಂಡಿಲ್ಲ.)

2006ರಲ್ಲಿ ಕೆಳಮನೆಯ ಶಿಕ್ಷಣ ಸಮಿತಿಯ ಅಧ್ಯಕ್ಷ, ವೋಚರ್ ಪರ ನಿಂತಿದ್ದ ಕೆಂಟ್ ಗ್ರುಸೆನ್‌ಡಾರ್ಫ್ ತನ್ನದೇ ಪಕ್ಷದ ಪ್ರೈಮರಿಯಲ್ಲಿ ಸೋತರು. ಪಾಠ ಎಲ್ಲರಿಗೂ ಅರ್ಥವಾಯಿತು. 2017ರಲ್ಲಿ ಮೇಲ್ಮನೆಯು ವೋಚರ್ ಮಸೂದೆಯನ್ನು ಪಾಸು ಮಾಡಿದರೂ ಕೆಳಮನೆ ಸೊಪ್ಪು ಹಾಕಲಿಲ್ಲ.

ಗವರ್ನರ್ ಗ್ರೆಗ್ ಅಬಾಟ್ 2023ರಲ್ಲಿ ಹಟ ಹಿಡಿದರು. ಅಷ್ಟು ಹೊತ್ತಿಗೆ ಅರಿಜೋನಾ, ಅಯೋವಾ, ಫ್ಲಾರಿಡಾಗಳು ಎಲ್ಲ ಮಕ್ಕಳಿಗೂ ಅನ್ವಯಿಸುವ ಯೋಜನೆ ತಂದಾಗಿತ್ತು. ಅಬಾಟ್ ಒಂದೇ ವರ್ಷದಲ್ಲಿ ನಾಲ್ಕು ವಿಶೇಷ ಅಧಿವೇಶನ ಕರೆದರು. ಸರ್ಕಾರಿ ಶಾಲೆಗೆ ಸಿಗಬೇಕಿದ್ದ ಹೆಚ್ಚಿನ ಹಣವನ್ನೂ ಇದೇ ಮಸೂದೆಗೆ ಗಂಟು ಹಾಕಿದರು. ನವೆಂಬರ್ 17ರಂದು ಜಾನ್ ರೇನಿ ಎಂಬ ರಿಪಬ್ಲಿಕನ್ ಶಾಸಕ, ವೋಚರ್ ಭಾಗವನ್ನೇ ತೆಗೆದುಹಾಕುವ ತಿದ್ದುಪಡಿ ತಂದರು. 84–63ರಿಂದ ಅದು ಗೆದ್ದಿತು. ಪರವಾಗಿ ಕೈ ಎತ್ತಿದವರಲ್ಲಿ 21 ಮಂದಿ ರಿಪಬ್ಲಿಕನ್ನರು.

ಇಲ್ಲಿ ಪ್ರೈಮರಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. ನಮ್ಮಲ್ಲಿ ಟಿಕೆಟ್ ಹೈಕಮಾಂಡ್ ಕೈಯಲ್ಲಿ. ಅಲ್ಲಿ ಟಿಕೆಟ್ ಯಾರಿಗೆ ಅನ್ನುವುದನ್ನು ಮತದಾರರೇ ಒಂದು ಚುನಾವಣೆಯಲ್ಲಿ ತೀರ್ಮಾನಿಸುತ್ತಾರೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆ ದಿನ ಮತಗಟ್ಟೆಗೆ ಬರುವವರು ಕಡಿಮೆ. 2024ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಸುಮಾರು 1.8 ಕೋಟಿ ಮತದಾರರಲ್ಲಿ ರಿಪಬ್ಲಿಕನ್ ಪ್ರೈಮರಿಗೆ ಬಂದವರು 23 ಲಕ್ಷದ ಆಸುಪಾಸು. ಹೆಚ್ಚಿನ ಕ್ಷೇತ್ರಗಳಲ್ಲಿ ಇಲ್ಲಿ ಗೆದ್ದವನೇ ನವೆಂಬರ್‌ನಲ್ಲೂ ಗೆಲ್ಲುವುದು. ಅಂದಮೇಲೆ ಶಾಸಕನಿಗೆ ಭಯವಿರುವುದು ಈ ಚುನಾವಣೆಯದ್ದೇ.

ಅಬಾಟ್ ಹೊಡೆದದ್ದು ಅಲ್ಲಿಗೇ. ತಮ್ಮದೇ ಪಕ್ಷದ ಶಾಸಕರ ವಿರುದ್ಧ ಊರೂರು ತಿರುಗಿದರು. ಪೆನ್ಸಿಲ್ವೇನಿಯಾದ ಕೋಟ್ಯಧಿಪತಿ ಜೆಫ್ ಯಾಸ್ ಅಬಾಟರಿಗೆ ಒಂದೇ ಕಂತಿನಲ್ಲಿ 60 ಲಕ್ಷ ಡಾಲರ್ ಕೊಟ್ಟರು. ತಮಾಷೆ ಏನೆಂದರೆ, ಮನೆಗೆ ಬಂದ ಕಾರ್ಡುಗಳಲ್ಲಿ, ಟೀವಿ ಜಾಹೀರಾತುಗಳಲ್ಲಿ ಎಷ್ಟೋ ಕಡೆ ಶಾಲೆಯ ಸುದ್ದಿಯೇ ಇರಲಿಲ್ಲ. ಈ ಶಾಸಕ ಗಡಿ ವಿಷಯದಲ್ಲಿ ಮೆತ್ತಗೆ ಅನ್ನುವುದೇ ದೂರು. ಜಗಳ ಐದನೇ ಸಾಲಿನದ್ದು, ಏಟು ಎರಡನೇ ಸಾಲಿನದ್ದು.

ಆ 21 ಜನರಲ್ಲಿ ಐವರು ಮೊದಲೇ ಕಣದಿಂದ ಹಿಂದೆ ಸರಿದಿದ್ದರು. ನಿಂತ 16 ಜನರಲ್ಲಿ 9 ಮಂದಿ, ಮಾರ್ಚ್‌ನ ಪ್ರೈಮರಿ ಮತ್ತು ಮೇ ತಿಂಗಳ ರನ್‌ಆಫ್ (ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಾಗ ಮೊದಲಿಬ್ಬರ ನಡುವೆ ನಡೆಯುವ ಮರುಚುನಾವಣೆ) ಸೇರಿ, ಸೋತರು.

ಹಾಗಾದರೆ ಜನರ ಮನಸ್ಸೇ ಬದಲಾಯಿತಾ? ಅದೇ ವರ್ಷ ನವೆಂಬರ್‌ನಲ್ಲಿ ಕೆಂಟಕಿಯಲ್ಲಿ ಇದೇ ವಿಷಯ ನೇರವಾಗಿ ಜನರ ಮುಂದೆ ಹೋಯಿತು. ಖಾಸಗಿ ಶಾಲೆಗೆ ಸರ್ಕಾರದ ದುಡ್ಡು ಕೊಡಲು ಸಂವಿಧಾನ ತಿದ್ದೋಣವೇ ಅಂತ ಕೇಳಿದರು. ಸುಮಾರು 65% ಜನ ಬೇಡ ಅಂದರು. ರಾಜ್ಯದ 120 ಕೌಂಟಿಗಳಲ್ಲಿ ಒಂದೇ ಒಂದು ಕೌಂಟಿಯೂ ಒಪ್ಪಲಿಲ್ಲ. ಅದೇ ದಿನ ಅದೇ ಜನ ಟ್ರಂಪ್ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿದರು. ನೆಬ್ರಾಸ್ಕಾದಲ್ಲೂ ಅಂದು ಇಂಥದ್ದೇ ಒಂದು ಕಾನೂನನ್ನು ಮತದಾರರು ರದ್ದು ಮಾಡಿದರು.

ಟೆಕ್ಸಾಸ್‌ನಲ್ಲೂ ಜನರನ್ನೇ ಕೇಳಿಬಿಡೋಣ ಅಂತ ಡೆಮಾಕ್ರಟಿಕ್ ಶಾಸಕ ಜೇಮ್ಸ್ ತಲರಿಕೊ 2025ರ ಏಪ್ರಿಲ್‌ನಲ್ಲಿ, ವೋಚರ್ ಮಸೂದೆ ಮತ್ತೆ ಕೆಳಮನೆಗೆ ಬಂದಾಗ, ತಿದ್ದುಪಡಿ ತಂದರು. ಬಿದ್ದುಹೋಯಿತು. ಮತ ಹಾಕುವ ದಿನ ಬೆಳಗ್ಗೆ ಟ್ರಂಪ್ ಅವರೇ ಫೋನಿನಲ್ಲಿ ರಿಪಬ್ಲಿಕನ್ ಶಾಸಕರ ಜೊತೆ ಮಾತಾಡಿದ್ದರು. ಮಸೂದೆ 86–61ರಿಂದ ಪಾಸಾಯಿತು, ಮೇ 3ರಂದು ಅಬಾಟ್ ಸಹಿ ಹಾಕಿದರು. ಶುರುವಿಗೆ 100 ಕೋಟಿ ಡಾಲರ್, 2026–27ರ ಶಾಲಾ ವರ್ಷದಿಂದ. ಮಗುವಿಗೆ ವರ್ಷಕ್ಕೆ ಸುಮಾರು 10,000 ಡಾಲರ್, ಅಂಗವಿಕಲ ಮಗುವಾದರೆ 30,000ದವರೆಗೆ, ಮನೆಯಲ್ಲೇ ಓದುವವರಿಗೆ 2,000. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಓದುವ ಮಕ್ಕಳು 55 ಲಕ್ಷದಷ್ಟು.

2023ರ ಆ 21 ಜನರಲ್ಲಿ ಮರಳಿ ಗೆದ್ದು ಬಂದವರು ಏಳು ಮಂದಿ. ಈ ಸಲ ಆರು ಜನ ಮಸೂದೆಯ ಪರ ಮತ ಹಾಕಿದರು. ಒಬ್ಬರು ಮಾತ್ರ ಬೇಡ ಅಂದರು: ಗ್ಯಾರಿ ವ್ಯಾನ್‌ಡೀವರ್. ರನ್‌ಆಫ್‌ನಲ್ಲಿ ಕೂದಲೆಳೆಯಲ್ಲಿ ಪಾರಾಗಿದ್ದ ಹಿಂದಿನ ಸ್ಪೀಕರ್ ಡೇಡ್ ಫೇಲನ್ ವ್ಯಾನ್‌ಡೀವರ್‌ಗೆ ಜೊತೆಯಾದರು. ರಿಪಬ್ಲಿಕನ್ನರಲ್ಲಿ ಅವರಿಬ್ಬರೇ. ವ್ಯಾನ್‌ಡೀವರ್ ರಾಜಕೀಯಕ್ಕೆ ಬರುವ ಮೊದಲು ನ್ಯೂ ಬಾಸ್ಟನ್ ಅನ್ನುವ ಚಿಕ್ಕ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುತ್ತಿದ್ದರು.